ಒಂದು ಹೆಜ್ಜೆ ಹಿಂದೆ ಸರಿಯುವ ಕುರಿತು

ಮಾನ್ಯರೇ,

ಶಾಲಾ ಕಟ್ಟಡಗಳ ಎಂಜಿನಿಯರ್ ಸಾಹೇಬರಾದ ತಮಗೆ, ಇಪ್ಪತ್ತೆರಡು ವರ್ಷ ಎಂಟನೇ ತರಗತಿಗೆ ಚಲನೆಯ ನಿಯಮಗಳನ್ನು ಕಲಿಸಿ, ಕಳೆದ ವರ್ಷದ ಅಪಘಾತದ ನಂತರ ಗಾಲಿಕುರ್ಚಿಯಲ್ಲಿ ಓಡಾಡುತ್ತಿರುವ ವಿಜ್ಞಾನ ಶಿಕ್ಷಕಿಯ ಸಾಷ್ಟಾಂಗ ನಮಸ್ಕಾರಗಳು. ಎಂಟು ಅಂಗಗಳಲ್ಲಿ ಕೆಲವು ಈಗ ನನ್ನ ಮಾತು ಕೇಳುವುದಿಲ್ಲವಾದ್ದರಿಂದ ಉಳಿದವುಗಳ ಲೆಕ್ಕದಲ್ಲೇ ಸ್ವೀಕರಿಸಬೇಕು.

ನಮ್ಮ ಶಾಲೆಯ ಮುಂಬಾಗಿಲಿಗೆ ತಾವು ಕಟ್ಟಿಸಿಕೊಟ್ಟ ರ‍್ಯಾಂಪನ್ನು ಎಷ್ಟು ಹೊಗಳಿದರೂ ಸಾಲದು. ನುಣುಪಾದ ಸಿಮೆಂಟು, ಹಳದಿ ಬಣ್ಣದ ಕಂಬಿ, ಎಲ್ಲೂ ಒಂದು ಬಿರುಕಿಲ್ಲ. ಹೊಸ್ತಿಲಿನ ಮುಂದೆ ಒಂದು ಗೇಣು ಸಮತಟ್ಟು ಜಾಗವನ್ನೂ ವ್ಯರ್ಥ ಮಾಡದೆ, ಇಳಿಜಾರನ್ನು ನೇರ ಬಾಗಿಲಿಗೇ ತಂದು ಮುಟ್ಟಿಸಿದ್ದೀರಿ. ಆ ಬಾಗಿಲೋ ಹೊರಕ್ಕೆ ತೆರೆಯುವಂಥದ್ದು, ನಾಯಿಗಳು ನುಗ್ಗದಿರಲೆಂದು ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು ಬೇರೆ. ನಾಯಿಗಳ ಮಟ್ಟಿಗೆ ಅದು ಅಷ್ಟೇನೂ ಯಶಸ್ವಿಯಾಗಿಲ್ಲ, ನನ್ನ ಮಟ್ಟಿಗೆ ಪೂರ್ಣ ಯಶಸ್ವಿಯಾಗಿದೆ.

ಹೇಗೆಂದು ನಿವೇದಿಸುತ್ತೇನೆ. ಎಡಗೈಯಲ್ಲಿ ಗಾಲಿಯನ್ನು ಬಿಗಿಹಿಡಿದು ಬಲಗೈಯಲ್ಲಿ ಬಾಗಿಲಿನ ಹಿಡಿಯನ್ನು ಎಳೆದರೆ, ನಾನು ಎಷ್ಟು ಬಲದಿಂದ ಬಾಗಿಲನ್ನು ಎಳೆಯುತ್ತೇನೋ ಬಾಗಿಲೂ ಅಷ್ಟೇ ಬಲದಿಂದ ನನ್ನನ್ನು ತನ್ನತ್ತ ಎಳೆಯುತ್ತದೆ, ಒಂದಿಷ್ಟು ತೆರೆದುಕೊಂಡದ್ದು ಬಂದು ನನ್ನ ಮೊಣಕಾಲಿಗೆ ಬಡಿಯುತ್ತದೆ, ಅದಕ್ಕೆ ಜಾಗ ಬಿಡಲು ನಾನು ಹಿಂದಕ್ಕೆ ಹೋಗಬೇಕು, ಮತ್ತು ತಮ್ಮ ರ‍್ಯಾಂಪಿನ ಮೇಲೆ ಹಿಂದಕ್ಕೆ ಎಂದರೆ ಕೆಳಕ್ಕೆ. ಒಂದು ಸೋಮವಾರ ಹಾಗೇ ಜಾಗ ಬಿಟ್ಟೆ. ಚಲಿಸುತ್ತಿರುವ ವಸ್ತು ಯಾರಾದರೂ ತಡೆಯುವವರೆಗೆ ಚಲಿಸುತ್ತಲೇ ಇರುತ್ತದೆಂದು ಗೋಲಿ, ಹಲಗೆ ಇಟ್ಟು ತೋರಿಸುತ್ತಿದ್ದವಳು, ಆ ದಿನ ಇಡೀ ಶಾಲೆಯ ಎದುರು ನನ್ನನ್ನೇ ಇಟ್ಟು ತೋರಿಸಿದೆ. ತಡೆದದ್ದು ಸಾಲಾಗಿ ನಿಂತಿದ್ದ ಹನ್ನೊಂದು ಸೈಕಲ್‌ಗಳು.

ನಮ್ಮ ಹೆಡ್‌ಮಾಸ್ಟರು ಮೃದು ಹೃದಯದವರು. ನಿಮಗ್ಯಾಕಮ್ಮ ಈ ಪಾಡು ಎಂದು ಕನಿಕರಪಟ್ಟು, ನನ್ನ ತರಗತಿಯನ್ನು ಡ್ರಿಲ್ ಮೇಷ್ಟ್ರಿಗೆ ವಹಿಸಿ, ನನ್ನನ್ನು ಅಂಗಳದ ಮೂಲೆಯ ಸಾಮಾನು ಕೋಣೆಯಲ್ಲಿ ಕೂರಿಸಿ, ಒಡೆದ ಗಾಜಿನ ನಳಿಕೆಗಳ ಪಟ್ಟಿ ಬರೆಯುವ ಹಗುರ ಕೆಲಸ ಕೊಟ್ಟಿದ್ದಾರೆ. ದಿನಾ ಜವಾನ ತಳ್ಳಿಕೊಂಡು ಹೋಗಲಿ ಎಂದವರೂ ಇದ್ದಾರೆ. ಅವನಿಗೆ ಗಂಟೆ ಬಾರಿಸುವುದರಿಂದ ಹಿಡಿದು ಬ್ಯಾಂಕಿನ ಓಡಾಟದವರೆಗೆ ನೂರೆಂಟು ಕೆಲಸ, ಅವನು ಬರುವವರೆಗೆ ನಾನು ನಿಶ್ಚಲ ವಸ್ತು. ಅದೂ ಇರಲಿ, ಇಪ್ಪತ್ತೆರಡು ವರ್ಷ ಗಂಟೆ ಬಾರಿಸುವ ಮೊದಲೇ ತರಗತಿಯಲ್ಲಿರುತ್ತಿದ್ದವಳಿಗೆ ಪಾರ್ಸಲ್ಲಿನ ಹಾಗೆ ಒಳಗೆ ಹೋಗುವುದು ಬೇಡ. ನನ್ನ ತರಗತಿಗೆ ನಾನೇ ಹೋಗಬೇಕು.

ನನ್ನ ಏಳನೆಯ ಅರ್ಜಿಗೆ ಮನಕರಗಿ ತಾವೇ ದಯಮಾಡಿಸಿದ್ದನ್ನು ಮರೆಯಲಾರೆ. ರಸಮಟ್ಟ ಇಟ್ಟು ಅಳೆದಿರಿ, ಇಳಿಜಾರು ನಿಯಮಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಬರೆದುಕೊಂಡಿರಿ. ನಂತರ ತಮ್ಮ ಎರಡು ಕಾಲುಗಳ ಮೇಲೆ ಸರಸರನೆ ಹತ್ತಿ, ಹಿಡಿಯನ್ನು ಎಳೆದು, ಪಕ್ಕಕ್ಕೆ ಹಿಂದಕ್ಕೆ ನಾಜೂಕಾಗಿ ಸರಿದು, ಒಳಗೆ ಹೋಗಿ, ಮತ್ತೆ ಹೊರಗೆ ಬಂದು, ಕೆಳಗೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ನನಗೆ ತಾಳ್ಮೆಯಿಂದ ತಿಳಿಹೇಳಿದಿರಿ: “ಒಂದೇ ಒಂದು ಹೆಜ್ಜೆ ಹಿಂದೆ ಸರಿದ್ರೆ ಆಯ್ತಲ್ಲ ಮೇಡಂ.”

ಆಗ ನನಗೆ ಬಂದದ್ದು ಸಿಟ್ಟು, ಇನ್ನೂ ಇಳಿದಿಲ್ಲ. ಆದರೂ ವಿದ್ವತ್ತಿಗೆ ತಲೆಬಾಗಲೇಬೇಕು. ಬಾಗಿಲು ಸುಸ್ಥಿತಿಯಲ್ಲಿದೆ, ಬಳಸುವವರಿಗೆ ತಿಳುವಳಿಕೆಯ ಕೊರತೆಯಿದೆ ಎಂಬ ತಮ್ಮ ವರದಿಯನ್ನು ಪಟ್ಟಿ ಬರೆಯುವ ಮೇಜಿನ ಮೇಲೆ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಇಳಿಜಾರು ತಮ್ಮ ವಿಭಾಗದ್ದು, ಬಾಗಿಲು ಮರಗೆಲಸದ ವಿಭಾಗದ್ದು, ಎರಡೂ ಒಂದೇ ಕಡತದಲ್ಲಿ ಕೂರಲಾರವು ಎಂದು ತಾವೇ ಹೇಳಿರುವುದರಿಂದ, ತಮ್ಮ ಅಧಿಕಾರಕ್ಕೆ ತಕ್ಕ ಬಿನ್ನಹ ಇದು. ಶಾಲೆಯಿರುವ ದಿನಗಳಲ್ಲಿ ಬೆಳಗ್ಗೆ ಒಂಬತ್ತೂವರೆಯಿಂದ ಹತ್ತರವರೆಗೆ ಚಲನೆಯ ಮೂರನೆಯ ನಿಯಮವನ್ನು ಸಡಿಲಿಸಿ ಒಂದು ಸುತ್ತೋಲೆ ಹೊರಡಿಸಬೇಕು. ಪರೀಕ್ಷೆಯ ಕಾಲದಲ್ಲಿ ಭೂಮಿಯ ಸೆಳೆತವನ್ನೂ ಅರ್ಧಕ್ಕೆ ಇಳಿಸಿಕೊಟ್ಟರೆ ಉಪಕಾರ. ಇದಾಗದಿದ್ದರೆ ಮಾತ್ರ, ಹೊಸ್ತಿಲ ಮುಂದೆ ಒಂದು ಕುರ್ಚಿ ನಿಲ್ಲುವಷ್ಟು ಸಮತಟ್ಟು ಮಾಡಿಸಿ, ಸ್ಪ್ರಿಂಗು ಬಿಚ್ಚಿಸಿ, ಬಾಗಿಲು ಒಳಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಬಹುದು. ಅಷ್ಟು ದೊಡ್ಡವರಲ್ಲಿ ಇಷ್ಟು ಸಣ್ಣದನ್ನು ಕೇಳಲು ಸಂಕೋಚವಾಗುತ್ತದೆ.

ರ‍್ಯಾಂಪಿನ ಕೆಳತುದಿಯಿಂದ,
ತಮ್ಮ ವಿಶ್ವಾಸಿ,
ಸಾಮಾನು ಕೋಣೆಯ ವಿಜ್ಞಾನ ಶಿಕ್ಷಕಿ

ತಾ.ಕ.: ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಡ್ರಿಲ್ ಮೇಷ್ಟ್ರು ಕಣ್ಣುನೋವೆಂದು ನನಗೇ ಕಳಿಸಿದ್ದಾರೆ. ಮೂರನೆಯ ನಿಯಮಕ್ಕೆ ದಿನನಿತ್ಯದ ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಒಬ್ಬಳು ಬರೆದಿದ್ದಾಳೆ: “ಮೇಡಂ ಬಾಗಿಲನ್ನು ಎಳೆಯುತ್ತಾರೆ. ಬಾಗಿಲು ಅಷ್ಟೇ ಬಲದಿಂದ ಮೇಡಂ ಅವರನ್ನು ಎಳೆಯುತ್ತದೆ. ಆದ್ದರಿಂದ ನಮಗೆ ಮೇಡಂ ಇಲ್ಲ.” ಮೊದಲೆರಡು ವಾಕ್ಯಗಳಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ. ಮೂರನೆಯದರ ಪಕ್ಕದಲ್ಲಿ, ಕಾರಣ ತಪ್ಪು, ಇದು ನಿಯಮ ಮಾಡಿದ್ದಲ್ಲ, ಒಬ್ಬ ಮನುಷ್ಯ ಮಾಡಿದ್ದು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಗುರುವಾರ ಪತ್ರಿಕೆಗಳು ಮಕ್ಕಳ ಕೈಸೇರುತ್ತವೆ. ಯಾರು ಆ ಮನುಷ್ಯ ಎಂದು ಅವರು ಕೇಳಿಯೇ ಕೇಳುತ್ತಾರೆ, ತಾವೇ ಬಂದು ಹೇಳುತ್ತೀರೋ, ನಾನೇ ಹೇಳಲೋ?