ಅಕ್ಕನ ಎಣ್ಣೆ ಶಾಸ್ತ್ರ

ಬಸವನಗುಡಿಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಕಾಟ ತಪ್ಪಿದ್ದಲ್ಲ. ಹೊರಗಿನ ಊರಿಂದ ಯಾರೇ ಬರಲಿ, ಬ್ಯಾಗು ಕೆಳಗಿಟ್ಟು, ನೀರು ಕುಡಿದು, ದನಿ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ: “ಇಲ್ಲಿ ಒಳ್ಳೆ ಪಬ್ ಯಾವ್ದು?” ಅದರಲ್ಲೂ ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬಲ್ಲವಳು, ನನಗೆ ಗೊತ್ತಿರಲೇಬೇಕು ಎಂಬುದು ಎಲ್ಲರ ನಂಬಿಕೆ. ನಿಜ ಹೇಳಬೇಕೆಂದರೆ ನಾನು ಇಂಗ್ಲಿಷಿನಲ್ಲೂ ಮಾತಾಡುವವಳಲ್ಲ, ಕನ್ನಡದಲ್ಲೂ ಮಾತಾಡುವವಳಲ್ಲ. ಎರಡೂ ಭಾಷೆಯಲ್ಲಿ ಚೆನ್ನಾಗಿ ಸುಮ್ಮನಿರಬಲ್ಲೆ. ಒಮ್ಮೆ ನಮ್ಮ ಆಫೀಸಿಗೆ ಬಂದ ಪುಣೆಯ ಅತಿಥಿಯೊಬ್ಬರು “ಆರಾಮಾಗಿ ನಿಂತ್ಕೊಂಡು ಕುಡಿಯೋ ಥರದ ಜಾಗ ಇದ್ರೆ ಸಾಕು” ಎಂದಾಗ, ಪೂರ್ತಿ ಆತ್ಮವಿಶ್ವಾಸದಿಂದ ಅವರನ್ನು ದರ್ಶಿನಿಗೆ ಕರೆದುಕೊಂಡು ಹೋಗಿ ಬೈಟು ಕಾಫಿ ಕೊಡಿಸಿದವಳು ನಾನು.

ಅಂಥವಳ ಮನೆಗೆ ಅಕ್ಕ ಬಂದಳು. ದೊಡ್ಡಮ್ಮನ ಮಗಳು, ತುಮಕೂರಿನ ಆಚೆಯ ಸಣ್ಣ ಊರಿನ ಕಾಲೇಜಿನಲ್ಲಿ ಲೆಕ್ಚರರ್. ಮುಂದಿನ ತಿಂಗಳು ಮದುವೆ. ಬಂದಿದ್ದು ಸೀರೆ ಖರೀದಿಗೆ. ಆದರೆ ಮೊದಲ ದಿನವೇ ಮಹಡಿಗೆ ಎಳೆದುಕೊಂಡು ಹೋಗಿ ಹೇಳಿದಳು: “ನೋಡೇ, ನಮ್ಮೂರಲ್ಲಿ ನಾನೊಂದು ಕಬ್ಬಿನ ಹಾಲು ಕುಡಿದ್ರೂ, ನಾನು ಮನೆ ಮುಟ್ಟೋದ್ರೊಳಗೆ ಅಪ್ಪಂಗೆ ಸುದ್ದಿ ಮುಟ್ಟಿರುತ್ತೆ. ಮದುವೆಯಾಗಿ ಹೋಗೋ ಊರು ಇನ್ನೂ ಚಿಕ್ಕದು. ಒಂದೇ ಒಂದ್ಸಲ ಒಳ್ಳೆ ಬಾರಲ್ಲಿ ಕೂತು, ಒಂದು ಗ್ಲಾಸ್ ಕುಡಿದು, ಯಾರ ಮಗಳು ಅಂತ ಯಾರೂ ಕೇಳದ ಹಾಗೆ ಎದ್ದು ಬರ್ಬೇಕು. ಬೀಗರಿಗೆ ಗೊತ್ತಾದ್ರೆ ಮದುವೆ ಕಥೆ ಅಷ್ಟೇ. ಕರ್ಕೊಂಡು ಹೋಗ್ತೀಯಾ?”

ನಾನು ಹೂಂ ಎಂದೆ. ಇಲ್ಲ ಎನ್ನಲು ಜಾಸ್ತಿ ಮಾತಾಡಬೇಕಾಗುತ್ತದೆ.

೧. ಯಜಮಾನರ ಹುಡುಕಾಟ

ಮಾರನೇ ದಿನ ನಗರ್ತಪೇಟೆಯಲ್ಲಿ ಸೀರೆ ನೋಡಿ ವಾಪಸ್ ಬರುವಾಗ ಆಟೋದಲ್ಲಿ ನಾನು ಫೋನು ತೆಗೆದು ಹುಡುಕುತ್ತಿದ್ದೆ. ಅಕ್ಕನಿಗೆ ತಾಳ್ಮೆ ಇಲ್ಲ. ನೇರವಾಗಿ ಡ್ರೈವರನ್ನೇ ಕೇಳಿದಳು: “ಅಣ್ಣಾ, ಈ ಕಡೆ ಒಳ್ಳೆ ಬಾರ್ ಎಲ್ಲಿದೆ?”

ಡ್ರೈವರ್ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದರು. ಮಡಿಲ ಮೇಲಿನ ಸೀರೆ ಕವರುಗಳನ್ನು ನೋಡಿದರು. ಮುಖ ಕರಗಿಹೋಯಿತು.

“ಎಷ್ಟೊತ್ತಿಗೆ ಹೋದ್ರಮ್ಮಾ ಮನೆಯಿಂದ?”

“ಯಾರು?”

“ಮುಚ್ಚಿಡ್ಬೇಡಿ. ನಮ್ಮ ತಂಗಿ ಮನೇಲೂ ಇದೇ ಗೋಳು. ಕೂತ್ಕೊಳ್ಳಿ ನೀವು, ನಾನಿದೀನಿ.”

ನಾವು ಬಾಯಿ ತೆರೆಯುವಷ್ಟರಲ್ಲಿ ಆಟೋ ಚಾಮರಾಜಪೇಟೆಯ ಒಂದು ಬಾರಿನ ಮುಂದೆ ನಿಂತಿತ್ತು. ಅವರು ಇಳಿದು ಒಳಗೆ ನುಗ್ಗಿ, ಬಾಗಿಲು ಅಗಲ ತೆರೆದು ಹಿಡಿದು ಕೂಗಿದರು: “ಮನೆಯವ್ರು ಬಂದವ್ರೆ! ಯಾರ್ದು ನೋಡ್ಕಳ್ಳಿ!”

ಒಳಗೆ ಮಟಮಟ ಮಧ್ಯಾಹ್ನದಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ತಲೆ ತಗ್ಗಿಸಿದರು. ಒಬ್ಬರು ಪೇಪರನ್ನು ಮುಖಕ್ಕೆ ಹಿಡಿದರು. ಇನ್ನೊಬ್ಬರು ಮೇಜಿನ ಕೆಳಗೆ ಬಿದ್ದುಹೋದ ಏನನ್ನೋ ಬಹಳ ಹೊತ್ತು ಹುಡುಕಿದರು. ಮೂಲೆಯಲ್ಲಿದ್ದ ಹಿರಿಯರೊಬ್ಬರು ಮಾತ್ರ ತಾವಾಗಿಯೇ ಎದ್ದು ಬಂದು, ಆಟೋದೊಳಗೆ ಬಗ್ಗಿ, ಅಕ್ಕನನ್ನೂ ನನ್ನನ್ನೂ ದಿಟ್ಟಿಸಿ ನೋಡಿ, “ಸದ್ಯ, ನಮ್ಮೋರಲ್ಲ” ಎಂದು ವಾಪಸ್ ಹೋದರು.

ಡ್ರೈವರ್ ಸೋತ ಮುಖದಲ್ಲಿ ಬಂದು ಆಟೋ ಸ್ಟಾರ್ಟ್ ಮಾಡಿದರು.

“ಬೇಜಾರ್ ಮಾಡ್ಕೋಬೇಡಿ ಅಮ್ಮ. ಮುಂದೆ ಇನ್ನೂ ಬೇಕಾದಷ್ಟು ಬಾರ್ ಇವೆ. ಇವತ್ತು ಅವ್ರನ್ನ ಹಿಡೀದೆ ನಾನು ಮನೆಗೆ ಹೋಗಲ್ಲ.”

೨. ಎಣ್ಣೆ ಎಷ್ಟು ಹಾಕಲಿ?

ಆಮೇಲೆ ಆಫೀಸಿನ ಗೆಳತಿಯನ್ನು ಕೇಳಿ, ಮಲ್ಲೇಶ್ವರದ ಕಡೆ ಬಿಯರನ್ನು ತಾವೇ ತಯಾರಿಸುವ ಒಂದು ಪಬ್ಬಿದೆ ಎಂದು ತಿಳಿದುಕೊಂಡೆ. ಸಂಜೆ ಬೆಳಕಿರುವಾಗಲೇ ಹೋಗಿ ಬಂದುಬಿಡಬಹುದು. ಆದರೆ ಮನೆಯಲ್ಲಿ ಏನು ಹೇಳುವುದು? ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕ ಪಿಸುಗುಟ್ಟಿದಳು: “ಅಲ್ಲಿ ಎಣ್ಣೆ ಚೆನ್ನಾಗಿರುತ್ತೆ ತಾನೇ?”

ಅಮ್ಮನ ಕಿವಿ ಚುರುಕು. “ಯಾವ ಎಣ್ಣೆನೇ?”

ಅಕ್ಕ ತಡವರಿಸಲಿಲ್ಲ. ಲೆಕ್ಚರರ್ ಅಲ್ಲವೇ. “ಎಣ್ಣೆ ಶಾಸ್ತ್ರ ಚಿಕ್ಕಮ್ಮಾ. ಮಲ್ಲೇಶ್ವರದಲ್ಲಿರೋ ನನ್ನ ಫ್ರೆಂಡ್ಸೆಲ್ಲ ಸೇರಿ ನಂಗೆ ಎಣ್ಣೆ ಶಾಸ್ತ್ರ ಮಾಡ್ತಾರಂತೆ.”

ಮದುವೆಗೆ ಮುಂಚೆ ಹೆಣ್ಣಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವ ಶಾಸ್ತ್ರವನ್ನು ಪಟ್ಟಣದ ಹುಡುಗಿಯರು ಮಾಡುತ್ತಾರೆಂದರೆ ಅಮ್ಮನಿಗೆ ಎಷ್ಟು ಸಂತೋಷವಾಗಬೇಡ! ತಕ್ಷಣ ಎದುರುಮನೆ ಆಂಟಿಗೆ ಸುದ್ದಿ ಹೋಯಿತು. ಆಂಟಿ ಗಾಣದ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದೇ ಬಂದರು.

“ಅಂಗಡಿ ಎಣ್ಣೆ ಮುಟ್ಬೇಡಮ್ಮ, ತಲೆನೋವು ಬರುತ್ತೆ. ಇದು ಶುದ್ಧ. ಎಷ್ಟು ಅಭ್ಯಾಸ ನಿಂಗೆ?”

“ಅಭ್ಯಾಸ ಇಲ್ಲ ಆಂಟಿ,” ಎಂದಳು ಅಕ್ಕ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು. “ಸ್ವಲ್ಪ ಸಾಕು.”

“ಸ್ವಲ್ಪದಲ್ಲಿ ಏನೂ ಆಗಲ್ಲ. ತಲೆಗೆ ಏರ್ಬೇಕು. ನಮ್ಮೆಜಮಾನ್ರಿಗೆ ಪ್ರತಿ ಭಾನುವಾರ ಬೆಳಿಗ್ಗೆ ನಾನೇ ಕೂರಿಸಿ ಹಾಕ್ತೀನಿ. ಹಾಕಿದ್ಮೇಲೆ ಅವ್ರನ್ನ ಮಾತಾಡ್ಸೋ ಹಾಗೇ ಇಲ್ಲ. ಕಣ್ಣು ಮುಚ್ಕೊಂಡು ಕೂತಿರ್ತಾರೆ, ಒಂದೊಂದ್ಸಲ ಹಾಡೂ ಹೇಳ್ತಾರೆ.”

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಆಂಟಿ ಅಮ್ಮನ ಕಡೆ ತಿರುಗಿ ಕಣ್ಣೊರೆಸಿಕೊಂಡರು.

“ನೋಡ್ರೀ, ಮದುವೆ ಅಂದ್ರೆ ಹೆಣ್ಣುಮಕ್ಕಳಿಗೆ ಎಷ್ಟು ಸಂಕಟ. ಎಣ್ಣೆ ಅಂದ ತಕ್ಷಣ ತವರು ನೆನಪಾಗ್ಬಿಟ್ಟಿದೆ.”

೩. ಸ್ವಲ್ಪ ತಿಳಿ ಬಣ್ಣದ್ದು ತೋರಿಸಿ

ಬಾಟಲಿಯನ್ನು ಬಿಟ್ಟು ಹೋಗುವಂತಿರಲಿಲ್ಲ, ಅಮ್ಮ ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆದೇ ಕಳಿಸಿದ್ದರು. ಪಬ್ಬಿನ ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿಯವರು ಬ್ಯಾಗು ತೆಗೆಸಿದರು. ಬಾಟಲಿ ಎತ್ತಿ ಬೆಳಕಿಗೆ ಹಿಡಿದರು.

“ಏನ್ ಮೇಡಂ ಇದು?”

“ಎಣ್ಣೆ,” ಎಂದೆ ನಾನು. ಸತ್ಯವನ್ನೇ ಹೇಳಿದ್ದೆ.

“ಹೊರಗಿನ ಎಣ್ಣೆ ಒಳಗೆ ಬಿಡಲ್ಲ.”

“ಅಯ್ಯೋ, ಕೊಬ್ಬರಿ ಎಣ್ಣೆ ಇದು!”

ಅವರು ಮುಚ್ಚಳ ತೆಗೆದು ಮೂಸಿದರು. ಇನ್ನೊಮ್ಮೆ ಮೂಸಿದರು. ಕೊಬ್ಬರಿ ಎಣ್ಣೆ ಎಂಬುದರಲ್ಲಿ ಅವರಿಗೂ ಅನುಮಾನ ಉಳಿಯಲಿಲ್ಲ. ಆದರೂ ಬಾಟಲಿಯನ್ನು ತಮ್ಮ ಕುರ್ಚಿಯ ಕೆಳಗೆ ಇಟ್ಟುಕೊಂಡರು. “ರೂಲ್ಸ್ ಮೇಡಂ. ಯಾವ ಎಣ್ಣೆ ಅಂತ ರೂಲ್ಸಲ್ಲಿ ಬರೆದಿಲ್ಲ.”

ಒಳಗೆ ಜನ ಕಡಿಮೆ. ತಣ್ಣನೆ ಗಾಳಿ, ಹಳದಿ ದೀಪ, ಎದೆಗೆ ಬಡಿಯುವ ಹಾಡು. ಅಕ್ಕ ಎತ್ತರದ ಸ್ಟೂಲಿನ ಮೇಲೆ ಸೀರೆ ನೆರಿಗೆ ಸರಿಮಾಡಿಕೊಂಡು, ಪರೀಕ್ಷೆ ನಡೆಸಲು ಬಂದವಳ ಹಾಗೆ ಕೂತಳು. ವೇಟರ್ ಮೆನು ಕೊಟ್ಟು ಯಾವ ಬಿಯರ್ ಬೇಕು ಎಂದರು.

“ಮೊದ್ಲು ತೋರ್ಸಿ.”

ಪುಟ್ಟ ಪುಟ್ಟ ಗ್ಲಾಸುಗಳಲ್ಲಿ ರುಚಿ ನೋಡಲು ಸಾಲಾಗಿ ತಂದಿಟ್ಟರು. ಅಕ್ಕ ಒಂದೊಂದನ್ನೇ ಎತ್ತಿ ದೀಪಕ್ಕೆ ಹಿಡಿದಳು. ಆ ದಿನಗಳಲ್ಲಿ ಬೆಳಿಗ್ಗೆಯಿಂದ ಸೀರೆ ಅಂಗಡಿಗಳಲ್ಲಿ ಅವಳು ಮಾಡುತ್ತಿದ್ದ ಕೆಲಸ ಅದೊಂದೇ.

“ಇದು ತೀರಾ ಡಾರ್ಕಾಯ್ತು. ಇದೇ ಥರದ್ದು ಸ್ವಲ್ಪ ತಿಳಿ ಬಣ್ಣದ್ದು ಇಲ್ವಾ?”

“ಇದಿದೆ ಮೇಡಂ, ಗೋಧಿದು.”

“ಹಾಂ, ಬಾಡಿ ಚೆನ್ನಾಗಿದೆ. ಬಾರ್ಡರ್ ಇನ್ನೊಂಚೂರು ದೊಡ್ಡದಿರ್ಬೇಕಿತ್ತು.” ಬಾರ್ಡರ್ ಎಂದರೆ ನೊರೆ.

ವೇಟರ್ ಸಂಭಾವಿತರು. ಒಳಗೆ ಹೋಗಿ ನೊರೆ ಜಾಸ್ತಿ ಮಾಡಿಸಿಕೊಂಡು ಬಂದರು. ಅಕ್ಕ ಎಲ್ಲವನ್ನೂ ಮತ್ತೊಮ್ಮೆ ನೋಡಿ, ಕೊನೆಗೆ ಮೊದಲು ಬೇಡ ಎಂದಿದ್ದನ್ನೇ ಆರಿಸಿದಳು. ವೇಟರ್ ಗ್ಲಾಸುಗಳನ್ನು ಎತ್ತಿಕೊಳ್ಳುತ್ತಾ ನನ್ನನ್ನು ಮೆಲ್ಲಗೆ ಕೇಳಿದರು:

“ಇಲ್ಲೇ ಕುಡಿತಾರಾ ಮೇಡಂ, ಇಲ್ಲ ಮನೇಲಿ ಎಲ್ರಿಗೂ ತೋರ್ಸಿ ಆಮೇಲೆ ಹೇಳ್ತಾರಾ?”

೪. ತಾಮ್ರದ ಹಂಡೆ

ದೊಡ್ಡ ಗ್ಲಾಸು ಬಂತು. ಅಕ್ಕ ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಮುಖ ಹುಳ್ಳಗಾಯಿತು. ಆದರೂ ಕಣ್ಣಲ್ಲಿ ಹಬ್ಬ. “ಯಾರೂ ನಮ್ಮ ಕಡೆ ನೋಡ್ತಾನೇ ಇಲ್ಲ ಕಣೇ!” ಎಂದಳು. ಆ ಕ್ಷಣಕ್ಕೇ ಮೇಜಿನ ಮೇಲಿದ್ದ ಅವಳ ಫೋನು ಹೊಡೆದುಕೊಂಡಿತು. ಭಾವಿ ಅತ್ತೆ, ವಿಡಿಯೋ ಕಾಲ್. ಕಟ್ ಮಾಡಲು ಹೋದ ನನ್ನ ಬೆರಳು ಹಸಿರು ಗುಂಡಿಯ ಕಡೆಗೆ ಜಾರಿತು.

“ಏನಮ್ಮಾ, ಎಣ್ಣೆ ಶಾಸ್ತ್ರ ಶುರುವಾಯ್ತಾ? ನಿಮ್ಮ ಚಿಕ್ಕಮ್ಮ ಫೋನ್ ಮಾಡಿ ಹೇಳಿದ್ರು. ನಾನೂ ಕಣ್ತುಂಬ ನೋಡೋಣ ಅಂತ!”

ಅಕ್ಕ ಗ್ಲಾಸನ್ನು ಮಡಿಲಿಗೆ ಇಳಿಸಿದಳು. “ಈಗ... ಈಗಷ್ಟೇ ಶುರುವಾಯ್ತು ಅತ್ತೆ.”

“ಅದೇನು ಅಷ್ಟು ಕತ್ತಲೆ?”

“ಕರೆಂಟ್ ಹೋಗಿದೆ.”

“ಹಾಡು ಕೇಳ್ತಿದೆಯಲ್ಲ?”

“ಪಕ್ಕದ ಮನೇಲಿ ಕರೆಂಟ್ ಇದೆ ಅತ್ತೆ.”

ಫೋನು ಹಿಡಿದಿದ್ದವಳು ನಾನು. ಮೇಜಿನ ಮೇಲಿನ ಗ್ಲಾಸುಗಳು ಕಾಣಬಾರದೆಂದು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದೆ. ಆ ಕಡೆ, ಗಾಜಿನ ಹಿಂದೆ, ಬಿಯರ್ ತಯಾರಿಸುವ ದೊಡ್ಡ ದೊಡ್ಡ ತಾಮ್ರದ ಪಾತ್ರೆಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು.

“ಅಯ್ಯೋ, ನಿಲ್ಲು ನಿಲ್ಲು! ಏನಮ್ಮಾ ಅದು, ತಾಮ್ರದ ಹಂಡೆ! ಸ್ನಾನಕ್ಕೆ ಇಷ್ಟೊಂದು ಹಂಡೆ ಕಾಯಿಸಿದ್ದಾರಾ?”

ಅಕ್ಕ ಮಡಿಲಿನ ಗ್ಲಾಸಿನ ಮೇಲೆ ಸೆರಗು ಎಳೆದುಕೊಂಡಳು. ಜೀವನದಲ್ಲಿ ಮೊದಲ ಸಲ ನಾನೇ ಮುಂದಾಗಿ ಬಾಯಿಬಿಟ್ಟೆ. “ಹೌದು ಆಂಟಿ. ತುಂಬಾ ಜನ ಇರೋ ಮನೆ. ಶನಿವಾರ, ಭಾನುವಾರ ಇಷ್ಟೂ ಸಾಲಲ್ಲ.”

“ಬೆಂಗ್ಳೂರಲ್ಲಿ ಸಂಪ್ರದಾಯ ಹೋಯ್ತು ಅಂತಾರೆ, ನೋಡಿ!”

ಅಷ್ಟರಲ್ಲಿ ವೇಟರ್ ಹಿಂದಿನಿಂದ ಬಗ್ಗಿ, “ಮೇಡಂ, ರಿಪೀಟ್?” ಎಂದರು.

“ಏನಂತೆ ಅವ್ರು?”

“ಇನ್ನೊಂದ್ಸಲ ಎಣ್ಣೆ ಹಾಕ್ಲಾ ಅಂತಿದ್ದಾರೆ ಆಂಟಿ.”

“ಹಾಕಿಸ್ಕೋ ಮಗಳೇ, ನಾಚ್ಕೋಬೇಡ! ಇರು, ಇವ್ನಿಗೂ ತೋರಿಸ್ತೀನಿ. ಬಾರೋ ಇಲ್ಲಿ, ನಿನ್ನ ಹುಡುಗಿಗೆ ಎಂಥಾ ವೈಭವ ನೋಡು!”

ಮದುವೆ ಗಂಡಿನ ಮುಖ ತೆರೆಯ ತುಂಬ ಬಂತು. ಅಕ್ಕ ನನ್ನ ಮೊಣಕೈಗೆ ಉಗುರು ಊರಿದಳು. ತಾಯಿಗೆ ತಿಳಿಯಲಿಲ್ಲ, ಸರಿ. ಈತ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ ಹೋದವನು. ಅವನು ತಾಮ್ರದ ಪಾತ್ರೆಗಳನ್ನು ನೋಡಿದ. ಹಳದಿ ದೀಪ ನೋಡಿದ. ಫೋನನ್ನು ಇನ್ನೂ ಹತ್ತಿರ ಹಿಡಿದುಕೊಂಡು ಎಡದಿಂದ ಬಲಕ್ಕೆ ಮತ್ತೊಮ್ಮೆ ನೋಡಿದ. ಮದುವೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಮ್ಮಮ್ಮನಿಗೆ, ದೊಡ್ಡಮ್ಮನಿಗೆ, ಎದುರುಮನೆ ಆಂಟಿಗೆ ಏನು ಹೇಳುವುದು ಎಂದು ಸಾಲು ಜೋಡಿಸತೊಡಗಿದೆ.

“ಚೆನ್ನಾಗಿದೆ ಅಲ್ವೇನೋ?” ಎಂದರು ತಾಯಿ ಪಕ್ಕದಿಂದ.

“ಹೂಂ ಅಮ್ಮ, ಒಳ್ಳೆ ಹಂಡೆಗಳು,” ಎಂದ ಅವನು, ಬಹಳ ಗಂಭೀರವಾಗಿ. ಆಮೇಲೆ ಫೋನು ಹಿಡಿದು ಪಕ್ಕಕ್ಕೆ ಸರಿದು, ಅದೇ ಗಾಂಭೀರ್ಯದಲ್ಲಿ ಅಕ್ಕನಿಗೆ ಹೇಳಿದ:

“ರೀ, ಆ ಬಲಗಡೆ ಹಂಡೇದು ಬೇಡ, ಕಹಿ. ಎಡಗಡೇದು ಕೇಳಿ. ಜೊತೆಗೆ ಒಂದು ಪ್ಲೇಟ್ ಮಸಾಲ ಕಡಲೆಬೀಜ ಹೇಳಿ.”