ವಿಶೇಷ ಸೂಚನೆ: ಎದೆ ಭಾರ

"ಇನ್ನು ಮೇಲೆ ನನ್ನ ಮನಸ್ಸಿನ ಗಾಯಕ್ಕೆ ನಾನೇ ಹೊಲಿಗೆ ಹಾಕಿಕೊಳ್ಳುತ್ತೇನೆ!"

ಟೇಲರ್ ಮಾಸ್ಟರು ಕನ್ನಡಿಯ ಮುಂದೆ ನಿಂತು, ಕೊರಳಿನ ಟೇಪನ್ನು ಸನ್ಮಾನದ ಹಾರದಂತೆ ಸರಿಪಡಿಸಿಕೊಂಡು ಹೀಗೆ ಘೋಷಿಸಿದರು. ಕೇಳಿಸಿಕೊಂಡವರು ಯಾರೂ ಇಲ್ಲ. ಹೆಂಡತಿ ಒಳಗೆ ಮಿಷನ್ ತುಳಿಯುತ್ತಿದ್ದರು. ಆ ಸದ್ದಿನಲ್ಲಿ ಪಕ್ಕದಲ್ಲೇ ಸಿಡಿಲು ಬಡಿದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಈ ಘೋಷಣೆಗೆ ಕಾರಣ ಮನಸ್ಸಿನ ಡಾಕ್ಟರು. ಎಲ್ಲೋ ಭಾಷಣವಿದೆಯೆಂದು ಹೊಸ ಕೋಟಿಗೆ ಅಳತೆ ಕೊಡಲು ಬಂದಿದ್ದರು. ಅವರ ಎದೆಗೆ ಟೇಪು ಸುತ್ತುವಾಗ ಮಾಸ್ಟರು ಎಂಥ ನಿಟ್ಟುಸಿರು ಬಿಟ್ಟರೆಂದರೆ, ಡಾಕ್ಟರ ಕ್ರಾಪೇ ಕೆದರಿಹೋಯಿತು!

"ಏನ್ ಮಾಸ್ಟ್ರೇ, ಮನಸ್ಸಿಗೇನೋ ನೋವಾಗಿರೋ ಹಾಗಿದೆ?"

"ಆಗಿದೆ ಡಾಕ್ಟ್ರೇ. ಬಾಯಿಬಿಟ್ಟು ಹೇಳೋ ಹಾಗಿಲ್ಲ."

"ಹೇಳ್ಬೇಡಿ, ಬರೀರಿ! ದಿನಾ ಕೂತು ಒಳಗಿರೋದನ್ನೆಲ್ಲ ಕಾಗದಕ್ಕೆ ಇಳಿಸಿ. ಹತ್ತಿ ಹಾಗೆ ಹಗುರ ಆಗ್ತೀರಿ. ನನ್ನ ಭಾಷಣಾನೂ ಅದರ ಮೇಲೇನೇ."

ನೋವಿನ ವಿಚಾರ ಇಷ್ಟೇ. ಅಂಗಡಿಯಲ್ಲಿ ಅಳತೆ ತೆಗೆದು ಚೀಟಿ ಬರೆಯುವುದು ಮಾಸ್ಟರು. ಬಟ್ಟೆ ಕತ್ತರಿಸಿ ಹೊಲಿಯುವುದು ಹೆಂಡತಿ. ಅದರಲ್ಲೇನೂ ತಕರಾರಿಲ್ಲ. ಆದರೆ ಗಿರಾಕಿಗಳು "ಮಾಸ್ಟ್ರ ಕೈ ಅಂದ್ರೆ ಕೈ!" ಎಂದು ಹೊಗಳಿದಾಗಲೆಲ್ಲ ಒಳಗಿನಿಂದ ಹೆಂಡತಿಯ ದನಿ ತೂರಿಬರುತ್ತಿತ್ತು: "ಆ ಕೈಗೆ ಟೇಪು ಹಿಡಿಯೋದು ಬಿಟ್ರೆ ಇನ್ನೇನ್ ಬರತ್ತೆ!" ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು. ಮಾಸ್ಟರೂ ಹಲ್ಲು ಕಿರಿಯುತ್ತಿದ್ದರು. ಆಮೇಲೆ ಊಟಕ್ಕೆ ಕೂತರೆ ಮಾತ್ರ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದರು.

ಸರಿ, ಬರೆಯಲು ಕೂತರು. ಆದರೆ ಪಾಪ, ಜೀವಮಾನದಲ್ಲಿ ಅವರು ಬರೆದದ್ದೆಲ್ಲ ಅಳತೆ ಚೀಟಿಯ ಮೇಲೇ! ಬಿಳಿ ಹಾಳೆ ಕಂಡದ್ದೇ ಪೆನ್ನು ಮುಷ್ಕರ ಹೂಡಿತು. ಕೊನೆಗೆ ಕೈಗೆ ಸಿಕ್ಕಿದ ಒಂದು ಅಳತೆ ಚೀಟಿಯನ್ನೇ ಎಳೆದುಕೊಂಡು, ಕೆಳಗೆ 'ವಿಶೇಷ ಸೂಚನೆ' ಎಂದು ಖಾಲಿ ಬಿಟ್ಟಿದ್ದ ಜಾಗದಲ್ಲಿ ಪೆನ್ನು ಊರಿದರು. ಆಗ ನೋಡಿ, ಕಟ್ಟೆ ಒಡೆಯಿತು!

'ಕುತ್ತಿಗೆ ಹಿಸುಕಿದ ಹಾಗಿದೆ. ಎದೆ ಭಾರ, ತೀರಾ ಭಾರ. ಕೈ ಎರಡೂ ಕಟ್ಟಿಹಾಕಿದ ಹಾಗೆ. ಬಾಯಿಗೆ ಹೊಲಿಗೆ. ಎಲ್ಲವನ್ನೂ ಹೊಟ್ಟೆಯೊಳಗೇ ಹಾಕಿಕೊಳ್ಳಬೇಕು!'

ಬರೆದು ಮುಗಿಸಿದಾಗ ಮಾಸ್ಟರು ನಿಜಕ್ಕೂ ಹಗುರಾಗಿದ್ದರು. ಆ ಸಂಭ್ರಮದಲ್ಲಿ ಶಿಳ್ಳೆ ಹಾಕುತ್ತ ವಾಕಿಂಗ್ ಹೊರಟೇಬಿಟ್ಟರು. ಚೀಟಿಯ ನೆತ್ತಿಯಲ್ಲಿ 'ಡಾಕ್ಟರ ಕೋಟು' ಎಂದಿದ್ದುದನ್ನು ಮಹಾಶಯರು ನೋಡಲೇ ಇಲ್ಲ. ಚೀಟಿ ಎಂದಿನಂತೆ ಹೆಂಡತಿಯ ಮಿಷನ್ ಪಕ್ಕಕ್ಕೆ ಹೋಯಿತು.

ಡಾಕ್ಟರು ಕೋಟಿಗೆಂದು ಬಂದದ್ದು ಭಾಷಣಕ್ಕೆ ಹೋಗುವ ಹಾದಿಯಲ್ಲಿ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದರು. ಮಾಸ್ಟರೇ ಹರಸಾಹಸಪಟ್ಟು ಕೋಟು ತೊಡಿಸಿ, ಕತ್ತಿನ ಗುಂಡಿಯನ್ನು ಹಲ್ಲು ಕಚ್ಚಿಕೊಂಡು ಹಾಕಿದರು. ಡಾಕ್ಟರ ಮುಖ ಟೊಮೆಟೊ ಆಯಿತು.

"ಮಾಸ್ಟ್ರೇ, ಕುತ್ತಿಗೆ ಹಿಸುಕಿದ ಹಾಗಿದೆ!"

ಈ ಮಾತು ಮಾಸ್ಟರಿಗೆ ಎಲ್ಲೋ ಕೇಳಿದಂತೆನಿಸಿತು. "ಟೆನ್ಷನ್ನು ಡಾಕ್ಟ್ರೇ. ಭಾಷಣ ಅಲ್ವಾ?"

"ಎದೆ ಭಾರ ಆಗ್ತಿದೇರೀ!"

"ಬರೆದುಬಿಡಿ, ಹೋಗತ್ತೆ."

"ಏನ್ ಬರೆಯೋದು ನನ್ನ ತಲೆ! ಕೈನೇ ಏಳ್ತಿಲ್ಲ!"

ಹೌದು, ಕೋಟಿನ ತೋಳುಗಳನ್ನು ಮೊಣಕೈವರೆಗೆ ಪಕ್ಕೆಗೆ ಸೇರಿಸಿ ಹೊಲಿದಿತ್ತು. ಭಾಷಣದ ಕಾಗದ ಇಡೋಣವೆಂದರೆ ಜೇಬುಗಳ ಬಾಯಿಗೆಲ್ಲ ಹೊಲಿಗೆ! ಹೊಟ್ಟೆಯ ಒಳಗಡೆ ಮಾತ್ರ ಒಂದು ಭಾರೀ ಚೀಲವಿತ್ತು. ಕೂಸನ್ನು ಮಲಗಿಸಿ ತೂಗಬಹುದಿತ್ತು.

"ಏನೇ ಇದು ಅವತಾರ?" ಮಾಸ್ಟರು ಗುಡುಗಿದರು.

ಹೆಂಡತಿ ಚೀಟಿ ಹಿಡಿದೇ ಹೊರಗೆ ಬಂದರು. "ಬರೆದದ್ದನ್ನ ಬರೆದ ಹಾಗೆ ಹೊಲಿ, ತಲೆ ಓಡಿಸಬೇಡ ಅಂತ ನೀವೇ ಅಲ್ವೇನ್ರೀ ಅಪ್ಪಣೆ ಕೊಡಿಸಿದ್ದು? ಎದೆ ಭಾರ ಅಂದ್ರಿ, ಕ್ಯಾನ್ವಾಸ್ ಮೇಲೆ ಕ್ಯಾನ್ವಾಸ್ ಹಾಕಿದೆ. ಸೂಜಿ ಮುರಿದುಹೋಯ್ತು, ಗೊತ್ತಾ?"

"ಇಂಥ ಕೋಟನ್ನ ಯಾರಾದ್ರೂ ಹಾಕ್ಕೋತಾರೇನೇ?"

"ಮನಸ್ಸಿನ ಡಾಕ್ಟ್ರಲ್ವಾ, ಅವರದ್ದು ಹೀಗೇ ಇರತ್ತೇನೋ ಅಂದ್ಕೊಂಡೆ!"

ಉಸಿರು ಕಟ್ಟುತ್ತಿದ್ದರೂ ಡಾಕ್ಟರು ಬಗ್ಗಿ ಚೀಟಿ ಓದಿದರು. ಕಣ್ಣರಳಿತು. "ಭೇಷ್! ಎಷ್ಟು ಚೆನ್ನಾಗಿ ಬರೆದಿದ್ದೀರಿ ಮಾಸ್ಟ್ರೇ! ಅಮ್ಮಾ, ನೀವು ಹೊಲಿದಿರೋದು ನನ್ನ ಕೋಟಲ್ಲ, ನಿಮ್ಮ ಯಜಮಾನ್ರ ಮನಸ್ಸು."

ಹೆಂಡತಿ ಇನ್ನೊಮ್ಮೆ ಓದಿದರು. ಮುಖದ ನಗು ಇಳಿಯಿತು.

"ಯಾರ್ರೀ ನಿಮ್ಮ ಬಾಯಿಗೆ ಹೊಲಿಗೆ ಹಾಕಿದ್ದು?"

"ನೀನೇ," ಎಂದರು ಮಾಸ್ಟರು. ಗುಡುಗಿದ ದನಿ ಈಗ ದಾರದಷ್ಟಾಗಿತ್ತು. "ಟೇಪು ಹಿಡಿಯೋದು ಬಿಟ್ರೆ ಏನೂ ಬರಲ್ಲ ಅಂತ ಎಲ್ಲರೆದುರು ಅಂತೀಯಲ್ಲ, ನಂಗೆ ನೋವಾಗತ್ತೆ ಕಣೇ."

"ನೀವೂ ನಗ್ತಿದ್ರಲ್ರೀ!"

"ಮತ್ತೆ? ಗಿರಾಕಿ ಎದುರು ಅಳೋಕಾಗತ್ತಾ?"

ಹೆಂಡತಿಗೆ ಕಣ್ಣು ತುಂಬಿ ಬಂತು. "ತಪ್ಪಾಯ್ತು ರೀ. ನಿಮ್ಮಾಣೆ, ಇನ್ಮೇಲೆ ಗಿರಾಕಿಗಳ ಎದುರು ನಿಮ್ಮನ್ನ ಒಂದು ಮಾತೂ ಅನ್ನಲ್ಲ."

ಮಾಸ್ಟರು ಹಿಗ್ಗಿ ಹೀರೇಕಾಯಿಯಾದರು! ಯುದ್ಧ ಗೆದ್ದ ಸೇನಾಪತಿಯ ಠೀವಿಯಲ್ಲಿ ಕತ್ತರಿ ಎತ್ತಿಕೊಂಡು ಡಾಕ್ಟರ ತೋಳಿನ ಹೊಲಿಗೆ ಬಿಚ್ಚಲು ಹೊರಟರು.

"ಹೂಂ, ಬೇಗ ಬಿಚ್ಚಿ ಕಳಿಸಿ," ಎಂದರು ಹೆಂಡತಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ನನಗೊಂದು ಮಾತು ಹೇಳದೆ, ಮನೆ ವಿಷಯಾನ ಊರಿನ ಡಾಕ್ಟ್ರಿಗೆ ಓದಿಸಿದ್ದೀರಲ್ಲ, ಅದರ ಬಗ್ಗೆ ಅವರು ಹೋದ ಮೇಲೆ ಮಾತಾಡೋಣ."

ಮಾಸ್ಟರ ಕೈ ಅಲ್ಲೇ ನಿಂತಿತು. ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು, ಡಾಕ್ಟರಿಗೆ ಒಂದು ಕುರ್ಚಿ ಎಳೆದು ಹಾಕಿದರು.

"ಕೂತ್ಕೊಳ್ಳಿ ಡಾಕ್ಟ್ರೇ, ಏನವಸರ? ಭಾಷಣ ಇಲ್ಲೇ ಮಾಡಿಬಿಡಿ!"