ಒಳಗಿನಿಂದ ತೆರೆಯದ ಬಾಗಿಲು

ನಾನು ಗಾಡಿ ಮಾರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೂ ಬುದ್ಧಿ ಹೇಳಲು ಬರಬೇಡಿ. ಮುಳಬಾಗಿಲಿನಲ್ಲಿ ನನಗೆ ಬುದ್ಧಿ ಹೇಳದವರು ಯಾರೂ ಉಳಿದಿಲ್ಲ. ಹಳೇ ಗಾಡಿ ಇಟ್ಟುಕೊಂಡವನನ್ನು ಕಂಡರೆ ಜನಕ್ಕೆ ಅದೇನು ಕರುಣೆಯೋ, ಹಾಲಿನವನೂ ಹಾಲು ಅಳೆಯುತ್ತಲೇ "ಯಾಕ್ ಸಾರ್ ಇನ್ನೂ ಇಟ್ಕೊಂಡಿದ್ದೀರ, ಕೊಟ್ಬಿಡಿ" ಅನ್ನುತ್ತಾನೆ. ಅವನ ಎಮ್ಮೆಗೂ ವಯಸ್ಸಾಗಿದೆ. ನಾನು ಯಾವತ್ತಾದರೂ ಆ ಮಾತು ಎತ್ತಿದ್ದೇನೆಯೇ?

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಎರಡು ವರ್ಷದ ಹಿಂದೆ ಕೋಲಾರದಲ್ಲಿ ಈ ಏಳು ಸೀಟಿನ ಡೀಸೆಲ್ ಗಾಡಿ ಕೊಳ್ಳುವಾಗ ದಲ್ಲಾಳಿ "ಡಾಕ್ಟ್ರು ಓಡ್ಸಿದ ಗಾಡಿ ಸಾರ್" ಅಂದ. ಡಾಕ್ಟರು ಓಡಿಸಿದ ಮಾತ್ರಕ್ಕೆ ಗಾಡಿಯ ಆರೋಗ್ಯವೂ ಚೆನ್ನಾಗಿರುತ್ತದೆಂದು ನಾನೇ ಊಹಿಸಿಕೊಂಡೆ. ಮೊದಲ ತಿಂಗಳೇ ಕ್ಲಚ್ ಪ್ಲೇಟು ಹೋಯಿತು, ಇಪ್ಪತ್ತು ಸಾವಿರ. ಆಮೇಲೆ ರೇಡಿಯೇಟರ್ ಸೋರಿತು. ಅದು ನಿಲ್ಲುವಷ್ಟರಲ್ಲಿ ಟರ್ಬೊ ಶಿಳ್ಳೆ ಹಾಕತೊಡಗಿತು. ಮುಂದಿನ ಚಕ್ರಗಳ ಬುಷ್ಷು ಸವೆದು, ಹಂಪ್ ಬಂದಾಗಲೆಲ್ಲ ಯಾರೋ ಕೆಳಗಿನಿಂದ ಬಾಗಿಲು ಬಡಿದಂತೆ ಸದ್ದು. ಮೆಕ್ಯಾನಿಕ್ ರಫೀಕ್ ಮಾತ್ರ ಪ್ರತಿ ಸಲವೂ ಬಾನೆಟ್ ಮುಚ್ಚಿ, "ಬಾಡಿ ಗಟ್ಟಿ ಐತೆ ಸಾರ್, ಇನ್ನು ಹತ್ತು ವರ್ಷ ನೋಡಂಗಿಲ್ಲ" ಅನ್ನುತ್ತಾನೆ. ಅವನ ಹತ್ತು ವರ್ಷ ನನ್ನ ಲೆಕ್ಕದಲ್ಲಿ ಸುಮಾರು ಹತ್ತು ದಿನಕ್ಕೆ ಮುಗಿಯುತ್ತದೆ.

ಇಷ್ಟರ ನಡುವೆ ಹಿಂದಿನ ಎಡಬಾಗಿಲಿನ ಒಳಗಿನ ಹಿಡಿ ಮುರಿದದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆ ಬಾಗಿಲನ್ನು ಹೊರಗಿನಿಂದ ಮಾತ್ರ ತೆಗೆಯಬಹುದಿತ್ತು. ಅಲ್ಲಿ ಕೂರುವವರು ಯಲ್ದೂರಿನ ನಮ್ಮ ಅತ್ತೆ. ಮುರಿದಿದೆ ಎಂದು ಹೇಳಲು ನಾಚಿಕೆಯಾಗಿ, ಗಾಡಿ ನಿಂತ ತಕ್ಷಣ ಸುತ್ತಿಕೊಂಡು ಓಡಿ ನಾನೇ ಬಾಗಿಲು ತೆಗೆಯುತ್ತಿದ್ದೆ. ಅತ್ತೆ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಇಳಿಯುತ್ತಿದ್ದರು. "ದೊಡ್ಡ ಅಳಿಯಂದ್ರು ಹೊಸ ಕಾರಲ್ಲಿ ಬರ್ತಾರೆ, ಇಂಜಿನ್ನೂ ಆಫ್ ಮಾಡಲ್ಲ. ನಮ್ಮ ಮೇಷ್ಟ್ರನ್ನ ನೋಡಿ, ಇಳಿದು ಬಂದು ಬಾಗಿಲು ತೆಗೀತಾರೆ" ಎಂದು ಯಲ್ದೂರಿಗೆಲ್ಲ ಸಾರಿದರು. ಹದಿನಾಲ್ಕು ವರ್ಷ ಅಳಿಯನಾಗಿದ್ದರೂ ಸಿಗದ ಮರ್ಯಾದೆ ಒಂದು ಮುರಿದ ಹಿಡಿಯಿಂದ ಸಿಕ್ಕಿತು. ತೋಟದ ಮೊದಲ ಬಾದಾಮಿ ಮಾವು ನನ್ನ ಡಿಕ್ಕಿಗೇ ಬರತೊಡಗಿತು. ಮುರಿದ ಹಿಡಿಯ ಗುಟ್ಟನ್ನು ನಾನು ಬಿಟ್ಟುಕೊಡಲಿಲ್ಲ.

ಈ ವರ್ಷ ನನ್ನ ಹೆಂಡತಿ ಸುನಂದಾ, "ಮನೇಲಿ ಗಾಡಿ ಇರ್ಬೇಕು, ಇಲ್ಲ ನಾನಿರ್ಬೇಕು" ಎಂದು ಶ್ರೀನಿವಾಸಪುರದ ಟೊಮೆಟೊ ವ್ಯಾಪಾರಿಯೊಬ್ಬರನ್ನು ಗೊತ್ತುಮಾಡಿದಳು. ಯಲ್ದೂರು ಅವರಿಗೆ ಹತ್ತಿರವೆಂದು, ಭಾನುವಾರ ಅತ್ತೆಯ ಮನೆಗೇ ಬಂದು ಗಾಡಿ ನೋಡುವುದೆಂದಾಯಿತು. ಮಾರುವ ಗಾಡಿ ನೆಟ್ಟಗಿರಲಿ ಎಂದು ಶನಿವಾರ ಅವಳೇ ರಫೀಕ್ ಹತ್ತಿರ ಹೊಸ ಹಿಡಿ ಹಾಕಿಸಿದಳು. ಮುನ್ನೂರೈವತ್ತು ರೂಪಾಯಿ. ಎರಡು ವರ್ಷದಲ್ಲಿ ಒಂದೇ ಸಲಕ್ಕೆ ಸರಿಹೋದ ರಿಪೇರಿ ಅದೊಂದೇ.

ಭಾನುವಾರ ನಾಮಕರಣವೊಂದಕ್ಕೆ ಹೋಗಿದ್ದ ಅತ್ತೆಯನ್ನು ಕರೆತಂದು ಮನೆ ಮುಂದೆ ಗಾಡಿ ನಿಲ್ಲಿಸಿದೆ. ಜಗಲಿಯ ಮೇಲೆ ವ್ಯಾಪಾರಿ, ಬಾಗಿಲಲ್ಲಿ ಸುನಂದಾ. ಹಿಡಿ ಸರಿಯಾಗಿದೆಯಲ್ಲ, ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ಅತ್ತೆಯೂ ಕೂತೇ ಇದ್ದರು. ಕನ್ನಡಿಯಲ್ಲಿ ನೋಡಿದೆ, ಅವರು ನನ್ನ ಬೆನ್ನನ್ನೇ ನೋಡುತ್ತಿದ್ದರು.

"ಏನ್ ಅಳಿಯಂದ್ರೇ, ಗಾಡಿಗಿಂತ ಮುಂಚೆ ಮರ್ಯಾದೆ ಮಾರಿಬಿಟ್ರಾ?" ಅಂದರು.

"ಇಲ್ಲ ಅತ್ತೆ, ಹಿಡಿ ಮುರಿದಿತ್ತು, ಅದಕ್ಕೇ ನಾನು ತೆಗೀತಿದ್ದೆ. ಈಗ ಒಳಗಿಂದಾನೇ ತೆಗೀಬಹುದು" ಎಂದು ಗಾಬರಿಯಲ್ಲಿ ನಿಜ ಹೇಳಿಬಿಟ್ಟೆ.

ಅತ್ತೆ ತಾವೇ ಬಾಗಿಲು ತೆಗೆದುಕೊಂಡು ಇಳಿದರು, ತಿರುಗಿಯೂ ನೋಡದೆ ಒಳಗೆ ಹೋದರು. ವ್ಯಾಪಾರಿ ಹತ್ತಿರ ಬಂದು, "ಇನ್ನೂ ಏನೇನು ಮುರಿದಿತ್ತು ಸಾರ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬೈಕ್ ಹತ್ತಿದರು. ಆ ಸಂಜೆ ನನ್ನ ಡಿಕ್ಕಿಗೆ ಒಂದು ತೋತಾಪುರಿಯೂ ಬೀಳಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಹಣ್ಣಿಗಲ್ಲ, ಎರಡು ವರ್ಷ ಆ ಹಿರಿಯ ಜೀವ ಊರಿಗೆಲ್ಲ ಹೇಳಿಕೊಂಡು ತಿರುಗಿದ ಮಾತು ಸುಳ್ಳಾಯಿತಲ್ಲ ಎಂದು.

ಅದಕ್ಕೇ ತೀರ್ಮಾನಿಸಿದೆ, ಮಾರುವುದಿಲ್ಲ. ಸೋಮವಾರ ಸುನಂದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ರಫೀಕ್ ಹತ್ತಿರ ಹೋಗಿ, "ಆ ಹಿಡಿ ಮತ್ತೆ ಕೆಡಿಸಿಕೊಡಪ್ಪ" ಅಂದೆ.

"ಕೆಟ್ಟಿದ್ದನ್ನ ರಿಪೇರಿ ಮಾಡ್ತೀನಿ ಸಾರ್, ಚೆನ್ನಾಗಿರೋದನ್ನ ಕೆಡ್ಸಿ ಅಭ್ಯಾಸ ಇಲ್ಲ" ಅಂದ. ಎರಡು ವರ್ಷದ ಬಿಲ್ಲುಗಳು ಬೇರೆಯೇ ಹೇಳುತ್ತವೆ, ಆದರೂ ನಾನು ಜಗಳಕ್ಕೆ ಹೋಗಲಿಲ್ಲ.

ಸುನಂದಾ ನನ್ನ ಕಡೆ ತಿರುಗಿದಳು. "ಅಲ್ರೀ, ಬಾಗಿಲು ತೆಗೆಯೋಕೆ ಹಿಡಿ ಯಾಕ್ರೀ ಮುರೀಬೇಕು? ಸುಮ್ನೆ ಇಳಿದು ತೆಗೆದ್ರೆ ಆಗಲ್ವಾ?"

ದಿನಕ್ಕೆ ಐದು ಪಿರಿಯಡ್ ಲೆಕ್ಕ ಬಿಡಿಸುವ ನನಗೆ ಇಷ್ಟು ಸುಲಭದ ದಾರಿ ಹೊಳೆದಿರಲಿಲ್ಲ. ಇಳಿದೆ, ಗಾಡಿ ಸುತ್ತಿ ಬಂದೆ, ಮದುವೆಯಾದ ಮೇಲೆ ಮೊದಲ ಸಲ ಅವಳ ಕಡೆಯ ಬಾಗಿಲು ತೆಗೆದು ನಿಂತೆ.

ರಫೀಕ್ ಸ್ಕ್ರೂಡ್ರೈವರ್ ಹಿಡಿದು ಓಡಿ ಬಂದ. "ಅಯ್ಯೋ, ಇದೂ ಕೆಟ್ಟೋಯ್ತಾ ಸಾರ್?"